ಕೆಟಲ್ ತಳದ ಸುಣ್ಣ, ಅದು ಇಳಿದು ಬಂದ ಗುಡ್ಡ

ಅಪ್ಪ ಮ್ಯೂನಿಕ್‌ಗೆ ಬಂದ ಮೂರನೇ ದಿನ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದ್ರೆ, ಮೊಬೈಲ್ ಟಾರ್ಚ್ ಹಾಕ್ಕೊಂಡು ನೀರು ಕಾಯಿಸೋ ಕೆಟಲ್ ಒಳಗೆ ಇಣುಕ್ತಾ ನಿಂತಿದ್ದ. (ನಮ್ಮ ಕಡೆ ಅಪ್ಪನಿಗೆ ಬಹುವಚನ ಹಚ್ಚೋ ಪದ್ಧತಿ ಇಲ್ಲ, ಓದೋರು ಬೇಜಾರು ಮಾಡ್ಕೋಬೇಡಿ.) ತಳದಲ್ಲಿ ಬೆಳ್ಳಗೆ ಪದರ ಕಟ್ಟಿತ್ತು. ಉಗುರಲ್ಲಿ ಒಂಚೂರು ಕೆರೆದು, ಎರಡು ಬೆರಳ ನಡುವೆ ತಿಕ್ಕಿ ನೋಡಿ, "ತಮಾ, ಇದು ಸುಣ್ಣ" ಅಂದ.

ಹೌದು ಅಪ್ಪಾ, ಇಲ್ಲಿಯ ನೀರು ಗಡಸು, ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ನಾನು ಏನೋ ಹೇಳೋಕೆ ಹೊರಟೆ, ಅವನು ಕೇಳಿಸ್ಕೊಳ್ಳಲಿಲ್ಲ. "ಎಲೆಗೆ ಹಚ್ಚೂಕೆ ಅಂತ ಊರಿಂದ ಸುಣ್ಣ ಹೊತ್ಕೊಂಡು ಬಂದೆ ಸುಮ್ನೆ. ಇಲ್ಲಿ ನಲ್ಲಿಲೇ ಬರ್ತು" ಅಂದು ನಗಾಡಿದ. ಅವನ ಸುಣ್ಣದ ಡಬ್ಬಿ ನೋಡಿದ್ರೆ ನಂಗೂ ನಗು ಬರತ್ತೆ, ಸಣ್ಣ ಸ್ಟೀಲ್ ಡಬ್ಬಿ, ಅದನ್ನ ಮೂರು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಮೇಲೆ ಒಂದು ಪಂಚೆ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ ಇಟ್ಕೊಂಡು ಬಂದಿದ್ದ. ಅಂಗಡಿ ಸುಣ್ಣ ಅವನಿಗೆ ಆಗಲ್ಲ. ಅಘನಾಶಿನಿಯ ಚಿಪ್ಪಿ ಸುಟ್ಟು ಮಾಡಿದ್ದೇ ಬೇಕು, ಅದಕ್ಕೆ ಮಾತ್ರ ನಾಲಿಗೆ ಸುಡೋದಿಲ್ಲ ಅನ್ನೋದು ಅವನ ಸಿದ್ಧಾಂತ.

ಕೆಟಲ್‌ದು ತಿನ್ನೋ ಸುಣ್ಣ ಅಲ್ಲ, ಅದನ್ನ ಸುಟ್ಟು ನೀರು ಹಾಕಿ ಅರಳಿಸಬೇಕು, ಆ ಮಾತು ಬೇರೆ. ಆದ್ರೆ ಆ ಪುಡಿ ಎಲ್ಲಿಂದ ಬಂತು ಅಂತ ಅವನು ಕೇಳಿದಾಗ ನಂಗೆ ಸ್ವಲ್ಪ ಖುಷಿ ಆಯ್ತು, ಯಾಕಂದ್ರೆ ಅದು ನಂಗೆ ಗೊತ್ತಿತ್ತು. ಮ್ಯೂನಿಕ್ ಊರಿನ ಕುಡಿಯೋ ನೀರು ಹೆಚ್ಚಿನಂಶ ದಕ್ಷಿಣಕ್ಕಿರೋ ಮಾಂಗ್‌ಫಾಲ್ ಕಣಿವೆಯಿಂದ ಬರತ್ತೆ, ಒಂದಿಷ್ಟು ಭಾಗ ಗಾರ್ಮಿಶ್ ಕೆಳಗಿನ ಲೋಯ್ಸಾಖ್ ಕಣಿವೆಯಿಂದ. ಎರಡೂ ಆಲ್ಪ್ಸ್ ಬುಡ. ಆ ಕಡೆಯ ಆಲ್ಪ್ಸ್ ಅಂದ್ರೆ ಗ್ರಾನೈಟ್ ಅಲ್ಲ, ಹೆಚ್ಚಿನಂಶ ಸುಣ್ಣದ ಕಲ್ಲು. ಮಳೆನೀರು ಗುಡ್ಡದೊಳಗೆ ಇಳಿದು, ಕಲ್ಲನ್ನ ಒಂದೊಂದು ಕಣ ಕರಗಿಸ್ಕೊಂಡು, ಪೈಪಲ್ಲಿ ನಮ್ಮನೆಗೆ ಬಂದು, ಕುದಿಸಿದಾಗ ಮತ್ತೆ ಕಲ್ಲಾಗಿ ಕೂರತ್ತೆ. "ಮುಂದಿನ ವಾರ ನಾನು ಹತ್ತೋಕೆ ಹೊರಟಿರೋದು ಅಂಥದ್ದೇ ಗುಡ್ಡ" ಅಂದೆ.

ಆ ಗುಡ್ಡ ಅಂದ್ರೆ ತ್ಸುಗ್‌ಷ್ಪಿಟ್ಸೆ. ಜರ್ಮನಿಯ ಅತಿ ಎತ್ತರದ ಶಿಖರ, 2962 ಮೀಟರ್. ಮ್ಯೂನಿಕ್‌ನಲ್ಲಿರೋ ಕನ್ನಡದವರಿಗೆ ಇದು ಗೊತ್ತಿರೋ ಹೆಸರೇ, ಊರಿಂದ ಯಾರೇ ಬಂದ್ರೂ ಒಂದಿನ ನೊಯ್‌ಶ್ವಾನ್‌ಸ್ಟೈನ್ ಅರಮನೆ, ಒಂದಿನ ಇದು. ಕೇಬಲ್ ಕಾರ್ ಇದೆ, ಹಲ್ಲುಗಾಲಿಯ ರೈಲಿದೆ, ಮೇಲೆ ಹೋಟೆಲಿದೆ, ವೈಫೈ ಇದೆ. ನಾನೇ ನೆಂಟರನ್ನ ಕರ್ಕೊಂಡು ನಾಲ್ಕು ಸಲ ಹೋಗಿದ್ದೆ, ನಾಲ್ಕೂ ಸಲ ಟಿಕೆಟ್ ತಗೊಂಡು. ಒಂದ್ಸಲ ನಡೆದು ಹತ್ತಬೇಕು ಅನ್ನೋದು ತುಂಬ ವರ್ಷದಿಂದ ತಲೆಯಲ್ಲಿತ್ತು, ವಯಸ್ಸು 43 ಆದ್ಮೇಲೆ ಆ ಆಸೆಗೆ ಸ್ವಲ್ಪ ಗಡಿಬಿಡಿ ಶುರು ಆಗಿತ್ತು.

"ಟಿಕೆಟ್ ಸಿಗ್ತು ಅಂದ್ಮೇಲೆ ಎಂತಕ್ಕೆ ನಡಕೊಂಡು ಹೋಗ್ತೆ?" ಅಂತ ಅಪ್ಪ ಕೇಳಿದ. ಉತ್ತರ ಕನ್ನಡದವರಿಗೆ ಇದಕ್ಕೆ ರೆಡಿಮೇಡ್ ಗಾದೆ ಇದೆ, ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ನಮ್ಮೂರು ಯಾಣದಿಂದ ತುಂಬ ದೂರ ಏನಿಲ್ಲ, ನಾನು ಚಿಕ್ಕವನಿದ್ದಾಗ ಅಲ್ಲಿಗೆ ಹೋಗಬೇಕಂದ್ರೆ ಕಾಡಲ್ಲಿ ನಡೀಲೇಬೇಕಿತ್ತು, ಸೊಕ್ಕು ನಿಜವಾಗ್ಲೂ ಬೇಕಿತ್ತು. ಇಲ್ಲಿ ಮಾತ್ರ ಸೊಕ್ಕಿದ್ದವನೂ ರೊಕ್ಕಿದ್ದವನೂ ಒಂದೇ ಶಿಖರಕ್ಕೆ ಹೋಗಿ ಒಂದೇ ಕೌಂಟರಲ್ಲಿ ಕಾಫಿ ತಗೋತಾರೆ. ಸರಿ, ಕೊನೆಗೆ ಹೀಗೆ ಅಂತಾಯ್ತು. ನಾನು ಶುಕ್ರವಾರ ಹೊರಟು ಎರಡು ದಿನ ನಡೆಯೋದು, ಅಪ್ಪನ ಮಂಡಿಗೆ ಅದೆಲ್ಲ ಆಗೋದಿಲ್ಲ, ಅವನೂ ನನ್ನ ಹೆಂಡತಿಯೂ ಶನಿವಾರ ಕೇಬಲ್ ಕಾರಲ್ಲಿ ಬಂದು ಒಂದು ಗಂಟೆಗೆ ಮೇಲೆ ಸಿಗೋದು, ಇಳಿಯೋವಾಗ ಮೂವರೂ ಒಟ್ಟಿಗೆ ರೈಲು.

ಸೆಪ್ಟೆಂಬರ್ ಮೊದಲ ವಾರ. ಮ್ಯೂನಿಕ್‌ನಿಂದ ಗಾರ್ಮಿಶ್-ಪಾರ್ಟೆನ್‌ಕಿರ್ಖೆನ್‌ಗೆ ರೈಲಲ್ಲಿ ಒಂದೂಕಾಲು ಗಂಟೆ ಚಿಲ್ಲರೆ. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಸ್ಕೀ ಸ್ಟೇಡಿಯಂ ಪಕ್ಕದಿಂದ ದಾರಿ ಶುರು. ತ್ಸುಗ್‌ಷ್ಪಿಟ್ಸೆ ಹತ್ತೋಕೆ ಹಲವು ದಾರಿ ಇದೆ, ಹೋಲೆನ್‌ಟಾಲ್ ಕಡೆಯಿಂದ ಹೋದ್ರೆ ಬಂಡೆಗೆ ಹೊಡೆದ ಕಬ್ಬಿಣದ ಗೂಟದ ಮೇಲೆ ಕಾಲಿಟ್ಟು, ಹಿಮನದಿ ದಾಟಿ, ಕೇಬಲ್ ಹಿಡ್ಕೊಂಡು ಹತ್ತಬೇಕು, ಅದು ನನ್ನಂಥವನಿಗಲ್ಲ. ನಾನು ಆರಿಸಿದ್ದು ರೈನ್‌ಟಾಲ್ ಕಣಿವೆಯ ದಾರಿ, ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಸುಲಭ. ಸುಲಭ ಅಂದ್ರೆ ಬೀಳೋ ಭಯ ಕಡಿಮೆ ಅಷ್ಟೇ, ಇಪ್ಪತ್ತು ಕಿಲೋಮೀಟರ್ ಮೇಲೆ ನಡಿಗೆ, ಎರಡು ಸಾವಿರ ಮೀಟರಿಗಿಂತ ಜಾಸ್ತಿ ಏರು. ದಾಖಲೆಯಲ್ಲಿರೋ ಮೊದಲ ಆರೋಹಣ ಆಗಿದ್ದೂ ಇದೇ ಕಣಿವೆಯಿಂದ, 1820ರ ಆಗಸ್ಟ್ 27ಕ್ಕೆ, ಯೋಸೆಫ್ ನೌಸ್ ಅನ್ನೋ ಬವೇರಿಯಾ ಸೈನ್ಯದ ಲೆಫ್ಟಿನೆಂಟ್ ಮ್ಯಾಪ್ ಮಾಡೋಕೆ ಬಂದಿದ್ದ, ಜೊತೆಗೆ ಒಬ್ಬ ಸಹಾಯಕ ಮತ್ತೆ ಟೌಷ್ಲ್ ಅನ್ನೋ ದಾರಿ ಗೊತ್ತಿದ್ದ ಸ್ಥಳೀಯ.

ಶುರುವಿಗೇ ಪಾರ್ಟ್‌ನಾಖ್ ನದಿಯ ಕೊರಕಲು. ಏಳುನೂರು ಮೀಟರ್ ಉದ್ದ, ಎರಡೂ ಕಡೆ ಎಂಬತ್ತು ಮೀಟರ್ ಮೇಲೆ ಗೋಡೆ, ಮಧ್ಯೆ ಹಾಲು ಬೆರೆಸಿದ ಹಸಿರು ಬಣ್ಣದ ನೀರು ಬೊಬ್ಬೆ ಹೊಡೀತಾ ಹೋಗತ್ತೆ, ಪಕ್ಕದಲ್ಲಿ ಬಂಡೆ ಕೊರೆದು ಮಾಡಿದ ಓಣಿಯಲ್ಲಿ ತಲೆ ತಗ್ಗಿಸ್ಕೊಂಡು ನಾವು. ಮೇಲಿಂದ ನೀರು ತೊಟ್ಟಿಕ್ಕಿ ಬೆನ್ನೊಳಗೆ ಇಳಿಯತ್ತೆ. ಟೂರಿಸ್ಟ್‌ಗಳಿಗೆ ತೆರೆಯೋದಕ್ಕೆ ಮುಂಚೆ ಈ ಕೊರಕಲಲ್ಲಿ ಮರದ ದಿಮ್ಮಿ ತೇಲಿಸಿ ಕೆಳಗೆ ಬಿಡ್ತಿದ್ರಂತೆ. ನಂಗೆ ತುಂಬ ಇಷ್ಟ ಆಗಿದ್ದು ಇಲ್ಲಿಯ ಕಲ್ಲಿನ ಹೆಸರು, ಮುಷೆಲ್‌ಕಾಲ್ಕ್. ಮುಷೆಲ್ ಅಂದ್ರೆ ಚಿಪ್ಪು, ಕಾಲ್ಕ್ ಅಂದ್ರೆ ಸುಣ್ಣ. ಚಿಪ್ಪಿ ಸುಣ್ಣ! ಅಪ್ಪನ ಸ್ಟೀಲ್ ಡಬ್ಬಿಯಲ್ಲಿರೋದೇ ಎಂಬತ್ತು ಮೀಟರ್ ಎತ್ತರಕ್ಕೆ ನಿಂತಿತ್ತು, ಕೈ ಇಟ್ರೆ ತಣ್ಣಗೆ, ಒದ್ದೆ, ಕಪ್ಪಗೆ. ಅಲ್ಲೇ ನಿಂತು ಅವನಿಗೆ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿದೆ, ನೀರಿನ ಗಲಾಟೆಯಲ್ಲಿ ನನ್ನ ಮಾತು ಒಂದೂ ಕೇಳಲಿಲ್ಲ ಅಂತ ಆಮೇಲೆ ಬೈದ.

ಕೊರಕಲು ದಾಟಿದ್ರೆ ಕಣಿವೆ ಅಗಲ ಆಗತ್ತೆ, ನಾಲ್ಕೈದು ಗಂಟೆ ನಡಿಗೆ, ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಫರ್ ಮರ, ಬೀಚ್ ಮರ, ನದಿ ಪಕ್ಕದ ಜಲ್ಲಿ ರಸ್ತೆ, ಬೊಕ್‌ಹ್ಯುಟೆ ಅನ್ನೋ ಸಣ್ಣ ಹಟ್‌ನಲ್ಲಿ ಒಂದು ಗ್ಲಾಸ್ ಮಜ್ಜಿಗೆ. ಎದುರು ಸಿಗೋ ಪ್ರತಿಯೊಬ್ಬರೂ "ಗ್ರ್ಯೂಸ್ ಗಾಟ್" ಅಂತಾರೆ, ಮ್ಯೂನಿಕ್‌ನ ಲಿಫ್ಟಲ್ಲಿ ಮುಖ ನೋಡದ ಇದೇ ಜನ ಗುಡ್ಡಕ್ಕೆ ಬಂದ ತಕ್ಷಣ ದೇವರ ಹೆಸರಲ್ಲಿ ನಮಸ್ಕಾರ ಹೇಳ್ತಾರೆ, ಇದು ನಂಗೆ ಹನ್ನೆರಡು ವರ್ಷ ಆದ್ರೂ ಬಗೆಹರಿದಿಲ್ಲ.

ಸಂಜೆ ರೈನ್‌ಟಾಲ್‌ಆಂಗರ್‌ಹ್ಯುಟೆ ತಲುಪಿದೆ, 1370 ಮೀಟರ್. ನದಿ ದಡದಲ್ಲಿ ಮರದ ಮನೆ, ಟಿಬೆಟ್‌ನ ಬಣ್ಣಬಣ್ಣದ ಪ್ರಾರ್ಥನೆ ಬಾವುಟ ಕಟ್ಟಿದ್ದಾರೆ, ಒಂದು ಕ್ಷಣ ಬೈಲಕುಪ್ಪೆ ನೆನಪಾಯ್ತು. ಶೂ ಬಿಚ್ಚಿ ಹೊರಗಿನ ಕೋಣೆಯಲ್ಲಿಡಬೇಕು, ಮಲಗೋಕೆ ಸಾಲಾಗಿ ಹಾಕಿದ ಹಾಸಿಗೆ, ಮದುವೆಮನೆ ಮೆತ್ತಿನ ಮೇಲೆ ಮಲಗಿದ ಹಾಗೆ, ಪಕ್ಕದವನ ಗೊರಕೆ ಫ್ರೀ. ಊಟಕ್ಕೆ ಕೈಸರ್‌ಶ್ಮಾರ್ನ್ ತಗೊಂಡೆ. ದಪ್ಪ ಸಿಹಿ ದೋಸೆ ಹೊಯ್ದು, ಬಾಣಲೆಯಲ್ಲೇ ಹರಿದು ಚೂರು ಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಸೇಬಿನ ಗೊಜ್ಜಿನ ಜೊತೆ ಕೊಡ್ತಾರೆ. ಸಸ್ಯಾಹಾರಿಗೆ ಇಲ್ಲಿ ಇದೇ ಗತಿ, ದೂರೇನೂ ಇಲ್ಲ.

ಅದೇ ಟೇಬಲ್ಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ರು. ಪ್ರತಿ ವರ್ಷ ಬರ್ತಾರಂತೆ. ಬರೋ ದಾರಿಯಲ್ಲಿ ಬಿಳೀ ಜಲ್ಲಿ ತುಂಬಿದ ಅಗಲವಾದ ಬಯಲು ನೋಡಿದ್ಯಾ ಅಂತ ಕೇಳಿದ್ರು. ನೋಡಿದ್ದೆ, ಬಿಸಿಲಿಗೆ ಕಣ್ಣು ಕೋರೈಸ್ತಿತ್ತು. "ಅದು ಕೆರೆ ಆಗಿತ್ತು" ಅಂದ್ರು. ಬ್ಲೌವೆ ಗುಂಪೆ, ನೀಲಿ ಕೊಳ. ಹಳೇ ಕಾಲದಲ್ಲಿ ಗುಡ್ಡ ಜರಿದು ನದಿಗೆ ಅಡ್ಡ ಬಿದ್ದು ಆದ ಕೊಳ, 2005ರ ಆಗಸ್ಟ್ ನೆರೆಯಲ್ಲಿ ಅಷ್ಟೂ ಜಲ್ಲಿಯಿಂದ ತುಂಬಿ ಹೋಯ್ತು. ತಾವು ಮದುವೆ ಆದ ವರ್ಷ ಅದರಲ್ಲಿ ಕಾಲು ಇಳಿಬಿಟ್ಟು ಕೂತಿದ್ದು, ನೀರು ಎಷ್ಟು ತಣ್ಣಗಿತ್ತು ಅಂದ್ರೆ ಗಂಡ ಕಿರುಚಿದ್ದ, ಅಂತೆಲ್ಲ ಹೇಳಿದ್ರು. ಗಂಡನ ಬಗ್ಗೆ ಬೇರೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಗೊರಕೆ ಒಂದು ಕಡೆ, ಹೊರಗೆ ನದಿ ಒಂದು ಕಡೆ. ಹಿಂದಿನ ವಾರ ಓದಿದ್ದೆಲ್ಲ ತಲೆಯಲ್ಲಿ ಸುತ್ತುತಿತ್ತು. ಈ ಗುಡ್ಡದ ಮೇಲ್ಭಾಗ ವೆಟ್ಟರ್‌ಸ್ಟೈನ್ ಸುಣ್ಣದ ಕಲ್ಲು, ಹತ್ರಹತ್ರ 24 ಕೋಟಿ ವರ್ಷ ಹಿಂದಿನದು. ಬೆಚ್ಚಗಿನ, ಆಳ ಇಲ್ಲದ ಸಮುದ್ರ, ಅದರಲ್ಲಿ ಸ್ಪಂಜು, ಹವಳ, ಸುಣ್ಣ ಕಟ್ಟೋ ಪಾಚಿ. ಅವು ಸತ್ತು ತಳಕ್ಕೆ ಬೀಳ್ತಾ ಹೋದ್ವು. ಆಳ ಇಲ್ಲದ ಸಮುದ್ರದಲ್ಲಿ ನೂರಾರು ಮೀಟರ್ ದಪ್ಪದ ಕಲ್ಲು ಹೆಂಗೆ ಕೂರತ್ತೆ ಅಂತ ನಂಗೆ ಮೊದಲು ಅರ್ಥ ಆಗಿರಲಿಲ್ಲ. ತಳ ನಿಧಾನಕ್ಕೆ ಕುಸೀತಾ ಇತ್ತು, ಮೇಲೆ ಅಷ್ಟೇ ನಿಧಾನಕ್ಕೆ ಸುಣ್ಣ ತುಂಬ್ತಾ ಇತ್ತು, ಅಂದ್ರೆ ನೀರಿನ ಆಳ ಬದಲಾಗದೆ ಕಲ್ಲು ಮಾತ್ರ ದಪ್ಪ ಆಗ್ತಾ ಹೋಯ್ತು. ಆಮೇಲೆ ಯಾವತ್ತೋ ಆಫ್ರಿಕಾ ಕಡೆಯ ಭೂಮಿ ಬಂದು ಯುರೋಪನ್ನ ಒತ್ತಿ ಇದನ್ನೆಲ್ಲ ಮಡಚಿ ಎತ್ತಿತು.

ಆ ಸಮುದ್ರಕ್ಕೆ ಟೆಥಿಸ್ ಅಂತಾರೆ. ಪೂರ್ವಕ್ಕೆ ಅದು ಈಗ ಹಿಮಾಲಯ ಇರೋ ತನಕವೂ ಹಬ್ಬಿತ್ತು. ಅಪ್ಪನ ದೇವರ ಸಂಪುಟದಲ್ಲಿ ಒಂದು ಸಾಲಿಗ್ರಾಮ ಇದೆ, ಅವನ ಅಜ್ಜ ತಂದಿದ್ದು, ಕಪ್ಪು ಗುಂಡು ಕಲ್ಲು, ಒಳಗೆ ಚಕ್ರ. ಗಂಡಕಿ ನದಿಯ ಆ ಚಕ್ರ ಅಂದ್ರೆ ಅಮೊನೈಟ್ ಅನ್ನೋ ಸಮುದ್ರಜೀವಿಯ ಚಿಪ್ಪಿನ ಅಚ್ಚು, ಆ ಸಮುದ್ರ ಇದೇ ಟೆಥಿಸ್. ಕಾಲ ಬೇರೆ, ಸಾಲಿಗ್ರಾಮ ಇದಕ್ಕಿಂತ ಎಷ್ಟೋ ಕೋಟಿ ವರ್ಷ ಚಿಕ್ಕದು. ಆದ್ರೂ ಅಪ್ಪ ದಿನಾ ಹಾಲು ತುಪ್ಪ ಹಾಕಿ ತೊಳೆಯೋ ಕಲ್ಲೂ ನಾನು ನಾಳೆ ಬೂಟು ಹಾಕ್ಕೊಂಡು ತುಳೀಬೇಕಾದ ಕಲ್ಲೂ ಒಂದೇ ಸಮುದ್ರದ್ದು ಅಂತ ಅನ್ನಿಸಿ, ಕತ್ತಲಲ್ಲಿ ಸುಮ್ನೆ ಕಾಲು ಮಡಚಿಕೊಂಡೆ. ನಗು ಬರೋ ವಿಷಯ, ಆದ್ರೆ ಮಡಚಿಕೊಂಡಿದ್ದು ನಿಜ.

ಬೆಳಿಗ್ಗೆ ಆರಕ್ಕೆ ಹೊರಟೆ. ಹಟ್‌ನಿಂದ ಸ್ವಲ್ಪ ಮೇಲೆ ಹೋದ್ರೆ ಪಾರ್ಟ್‌ನಾಖ್ ನದಿ ಹುಟ್ಟೋ ಜಾಗ, ಬಂಡೆ ಬುಡದಿಂದ ನೀರು ನುಗ್ಗಿ ಬರತ್ತೆ ಅಂತ ಬೋರ್ಡ್ ತೋರಿಸ್ತಿತ್ತು. ನಾನು ಟೈಮ್ ನೋಡಿ ಹೋಗಲಿಲ್ಲ. ನೀರಿನ ಒರತೆ ನೋಡೋದು ಏನಿದೆ, ನಮ್ಮನೆ ತೋಟದ ಮೇಲಿನ ಗುಡ್ಡದಲ್ಲೇ ನಾಲ್ಕಿದೆ, ಅಬ್ಬಿ ನೀರು ಮನೆ ತನಕ ದಂಬೆಯಲ್ಲಿ ಬರ್ತಿತ್ತು. ಒಂದೂವರೆ ಲೀಟರ್ ಬಾಟಲಿ ಇತ್ತು, ಅದನ್ನೂ ಪೂರ್ತಿ ತುಂಬಿಸಿರಲಿಲ್ಲ. ಮಲೆನಾಡಲ್ಲಿ ಬೆಳೆದವನ ಲೆಕ್ಕ, ಗುಡ್ಡ ಅಂದ್ರೆ ನೀರು. ಕುಮಾರಪರ್ವತ ಹತ್ತಿದ್ರೂ ಕುದುರೆಮುಖ ಹತ್ತಿದ್ರೂ ಮಳೆ ಕಡಿಮೆ ಆದ ಈ ದಿನಗಳಲ್ಲಿ ಹತ್ತು ಹೆಜ್ಜೆಗೊಂದು ಹಳ್ಳ ಸಿಗತ್ತೆ. ಆಲ್ಪ್ಸ್ ಅಂದ್ಮೇಲೆ ಕೇಳಬೇಕಾ.

ಕೇಳಬೇಕಿತ್ತು. ಅಲ್ಲಿಂದ ಕ್ನೋರ್‌ಹ್ಯುಟೆ ತನಕ ಹತ್ರಹತ್ರ ಏಳುನೂರು ಮೀಟರ್ ಏರು, ಕುರುಚಲು ಪೈನ್ ಮಧ್ಯೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗೋ ದಾರಿ, ಸೂರ್ಯ ಬೆನ್ನಿಗೇ. ದಾರಿಯಲ್ಲಿ ಒಂದೇ ಒಂದು ಝರಿ ಇಲ್ಲ. ಹಳ್ಳ ಹರಿದ ಹಾಗೆ ಗುರುತು ಇದೆ, ಒಳಗೆ ಒಣ ಕಲ್ಲು. ಕ್ನೋರ್‌ಹ್ಯುಟೆ ಎರಡು ಸಾವಿರ ಮೀಟರ್ ದಾಟಿದ ಮೇಲಿದೆ, ಈ ಬೆಟ್ಟಸಾಲಿನ ಮೊದಲ ಹಟ್, 1855ರದ್ದು. ಅಲ್ಲಿ ಒಂದು ಸೇಬಿನ ಜ್ಯೂಸ್ ಸೋಡಾ ಕುಡಿದೆ, ಬಾಟಲಿಯಲ್ಲಿ ಇನ್ನೂ ಒಂದು ಲೋಟದಷ್ಟು ಇತ್ತು, ಕೌಂಟರ್ ಮುಂದೆ ಉದ್ದ ಕ್ಯೂ, ಒಂದು ಗಂಟೆಗೆ ಅಪ್ಪ ಬರ್ತಾನೆ, ಮುಂದೆ ಮಂಜಿದೆ, ಮಂಜಿದ್ದಲ್ಲಿ ನೀರಿಲ್ದೇ ಇರತ್ತಾ ಅಂತ ಹಾಗೇ ಹೊರಟುಬಿಟ್ಟೆ.

ಮೇಲೆ ತ್ಸುಗ್‌ಷ್ಪಿಟ್ಸ್‌ಪ್ಲಾಟ್. ದೊಡ್ಡ ಬೋಗುಣಿಯನ್ನ ಸ್ವಲ್ಪ ಓರೆ ಮಾಡಿ ಇಟ್ಟ ಹಾಗಿರೋ ಬಯಲು, ಮೂರು ಕಡೆ ಗೋಡೆ. ಹುಲ್ಲು ಅಲ್ಲಲ್ಲಿ, ಕುರಿಗಳ ಗಂಟೆ ಸದ್ದು ಎಲ್ಲಿಂದಲೋ. ಮಿಕ್ಕಿದ್ದೆಲ್ಲ ಬೂದು ಬಿಳಿ ಕಲ್ಲು. ದೂರದಿಂದ ನುಣ್ಣಗೆ ಕಾಣೋ ಬಂಡೆಯ ಹತ್ರ ಹೋದ್ರೆ ಮೈತುಂಬ ಗೀರು, ಒಂದು ಬೆರಳು ಹೋಗೋಷ್ಟು ಆಳದ ಸಾಲು ಸಾಲು ತೋಡು, ಎರಡು ತೋಡಿನ ನಡುವಿನ ಅಂಚು ತುರಿಮಣೆ ಹಲ್ಲಿನ ಹಾಗೆ ಚೂಪು. ಮುಗ್ಗರಿಸಿ ಕೈಯೂರಿದೆ, ಅಂಗೈ ಮೂರು ಕಡೆ ತರಚಿ ಹೋಯ್ತು. ಇದನ್ನ ಮಾಡಿದ್ದು ಮಳೆ. ಮಳೆ ಗಾಳಿಯಿಂದ, ಮಣ್ಣಿಂದ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಒಂಚೂರು ಹುಳಿ ಆಗತ್ತೆ, ತೀರಾ ಸ್ವಲ್ಪ, ಸೋಡಾ ನೀರಿನಷ್ಟೂ ಇಲ್ಲ. ಸಾವಿರಾರು ವರ್ಷ ಅದು ಬಿದ್ದರೆ ಸುಣ್ಣದ ಕಲ್ಲು ಕರಗಿ ತೋಡಾಗತ್ತೆ, ತೋಡು ಬಿರುಕಾಗತ್ತೆ, ಬಿರುಕು ಬಾವಿಯಾಗತ್ತೆ. ಪ್ಲಾಟ್‌ನ ಮೇಲೆ ಬಿದ್ದ ಮಳೆ, ಕರಗಿದ ಹಿಮ ಯಾವುದೂ ಮೇಲೆ ಹರಿಯೋದೇ ಇಲ್ಲ, ಗುಡ್ಡ ಹಾಗೇ ನುಂಗಿಬಿಡತ್ತೆ.

ಹನ್ನೊಂದು ಗಂಟೆ ಹೊತ್ತಿಗೆ ನನ್ನ ಬಾಟಲಿ ಖಾಲಿ. ಬಿಳಿ ಕಲ್ಲಿನ ಬಿಸಿಲು ಮೇಲಿಂದಲೂ ಕೆಳಗಿಂದಲೂ ಹೊಡೀತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಒಂದು ಕಡೆ ಕೂತಾಗ ಕೆಳಗೆ ಏನೋ ಸದ್ದು. ಮೊದಲು ಕಿವಿಯಲ್ಲೇ ಗುಂಯ್ಗುಡ್ತಿದೆ ಅಂದ್ಕೊಂಡೆ. ಬಗ್ಗಿ ಬಿರುಕಿಗೆ ಕಿವಿ ಇಟ್ಟೆ. ನೀರು. ಎಲ್ಲೋ ಒಳಗೆ, ಎಷ್ಟು ಆಳದಲ್ಲೋ ಗೊತ್ತಿಲ್ಲ, ಕತ್ತಲ ಬಚ್ಚಲಲ್ಲಿ ಯಾರೋ ಸಣ್ಣಗೆ ನಲ್ಲಿ ಬಿಟ್ಟ ಹಾಗೆ. ಬಿರುಕಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು. ಕೈ ಹಾಕಿದೆ, ಮೊಣಕೈ ತನಕ ಹೋಯ್ತು, ಬರೀ ಒದ್ದೆ ಕಲ್ಲು. ಬೆರಳು ಹೊರಗೆ ತೆಗೆದು ನೆಕ್ಕಿದೆ, ಮಣ್ಣಿನ ರುಚಿ. ಹೊಟ್ಟೆಮೇಲೆ ಮಲಗಿ ಕಲ್ಲಿನೊಳಗೆ ಕೈಹಾಕಿದ ನನ್ನನ್ನ ನೋಡಿ ಪಕ್ಕದಲ್ಲಿ ಹೋಗ್ತಿದ್ದ ಒಬ್ಬ ಹುಡುಗ ಫೋನ್ ಬಿತ್ತಾ ಅಂತ ಕೇಳಿದ. ಹೌದು ಅಂದ್ರೆ ಸಹಾಯಕ್ಕೆ ಕೂರ್ತಾನೆ, ಇಲ್ಲ ನೀರು ಹುಡುಕ್ತಿದೀನಿ ಅಂದೆ. ಅವನು ತನ್ನ ಬಾಟಲಿ ಕೊಟ್ಟ. ಎರಡು ಗುಟುಕು ಕುಡಿದು ವಾಪಸ್ ಕೊಟ್ಟೆ, ಇನ್ನೊಂದು ಗುಟುಕು ಕುಡಿ ಅಂದ, ಕುಡಿದೆ.

ಆ ನೀರೆಲ್ಲ ಎಲ್ಲಿಗೆ ಹೋಗತ್ತೆ ಅಂತ ಅಷ್ಟೊತ್ತಿಗೆ ಹೊಳೀತು. ಪ್ಲಾಟ್ ನುಂಗಿದ ನೀರು ಹೆಚ್ಚುಕಮ್ಮಿ ಪೂರ್ತಿ ಒಂದೇ ಕಡೆ ಹೊರಗೆ ಬರತ್ತೆ, ಬೆಳಿಗ್ಗೆ ನಾನು ನೋಡೋದು ಏನಿದೆ ಅಂತ ಬಿಟ್ಟು ಬಂದೆನಲ್ಲ, ಪಾರ್ಟ್‌ನಾಖ್ ಹುಟ್ಟೋ ಜಾಗ, ಅಲ್ಲಿ. ನಾನು ಕೂತಿದ್ದು ಅದರ ತಲೆ ಮೇಲೆ, ಸಾವಿರ ಮೀಟರ್ ಎತ್ತರದಲ್ಲಿ, ಬಾಯಿ ಒಣಗಿಸ್ಕೊಂಡು.

ದಾರಿ ಎಡಕ್ಕೆ ಎತ್ತರದಲ್ಲಿ ದಕ್ಷಿಣ ಷ್ನೇಫರ್ನರ್ ಇದ್ದ ಜಾಗ. ಇದ್ದ ಅಂತ ಯಾಕಂದ್ರೆ 2022ರಲ್ಲಿ ಬವೇರಿಯಾದ ವಿಜ್ಞಾನ ಅಕಾಡೆಮಿ ಇದು ಇನ್ಮೇಲೆ ಹಿಮನದಿ ಅಲ್ಲ ಅಂತ ಘೋಷಿಸಿತು. ಹಿಮನದಿ ಅನ್ನಿಸ್ಕೋಬೇಕಂದ್ರೆ ಮಂಜು ತನ್ನ ಭಾರಕ್ಕೇ ಜರುಗಬೇಕು, ಇಲ್ಲಿ ಜರುಗೋಕೆ ಬೇಕಾದಷ್ಟು ದಪ್ಪವೇ ಉಳಿದಿರಲಿಲ್ಲ. ನಾನು ನೋಡಿದಾಗ ಕಲ್ಲುಪುಡಿ ಮುಚ್ಚಿದ ಒಂದಿಷ್ಟು ಬೂದು ಕಲೆ, ಅಷ್ಟೇ. ಉತ್ತರ ಷ್ನೇಫರ್ನರ್ ಇನ್ನೂ ಪಟ್ಟಿಯಲ್ಲಿದೆ. ಹಿಂದೆ ಬೇಸಿಗೆಯಲ್ಲಿ ಅದರ ಒಂದು ಭಾಗಕ್ಕೆ ಟಾರ್ಪಾಲ್ ಹೊದಿಸ್ತಿದ್ರು, ನಮ್ಮಲ್ಲಿ ಅಕಾಲ ಮಳೆಗೆ ಅಡಿಕೆ ಅಂಗಳಕ್ಕೆ ಹೊದಿಸ್ತಾರಲ್ಲ ಹಾಗೆ, ಆಮೇಲೆ ಕೈಬಿಟ್ರು. ಮೋಡ ಕಂಡ ಕೂಡಲೇ ಅಂಗಳಕ್ಕೆ ಓಡೋ ಮನೆಯಲ್ಲಿ ಬೆಳೆದವನಿಗೆ ಆ ಕೈಬಿಟ್ರು ಅನ್ನೋ ಮಾತು ಒಂಥರಾ ಚುಚ್ಚತ್ತೆ.

ಸೋನ್‌ಆಲ್ಪಿನ್‌ನಲ್ಲಿ ರೈಲು ಬರೋ ಸ್ಟೇಶನ್, ರೆಸ್ಟೋರೆಂಟ್. ಅಲ್ಲಿ ಒಂದು ಲೀಟರ್ ನೀರನ್ನ ನಿಂತಲ್ಲೇ ಕುಡಿದೆ. ಆಮೇಲಿನ ನಾಲ್ಕುನೂರು ಮೀಟರ್ ಏರು ಮಾತ್ರ ಯಾರಿಗೂ ಬೇಡ, ಸಣ್ಣ ಕಲ್ಲಿನ ಜಾರು, ಎರಡು ಹೆಜ್ಜೆ ಮೇಲೆ ಒಂದು ಹೆಜ್ಜೆ ಕೆಳಗೆ, ಆಮೇಲೆ ಏಣು, ಅಲ್ಲಿ ಉಕ್ಕಿನ ಹಗ್ಗ ಕಟ್ಟಿದ್ದಾರೆ. ತರಚಿದ ಅಂಗೈಯಲ್ಲಿ ಬಿಸಿಲಿಗೆ ಕಾದ ಹಗ್ಗ ಹಿಡಿಯೋದು ಹೇಗಿರತ್ತೆ ಅಂತ ವರ್ಣಿಸಲ್ಲ. ಒಂದು ಕಡೆ ಜರ್ಮನಿ ಇನ್ನೊಂದು ಕಡೆ ಆಸ್ಟ್ರಿಯಾ, ನಾನು ನೋಡಿದ್ದು ಬೂಟಿನ ತುದಿ ಮಾತ್ರ.

ಒಂದೂ ಇಪ್ಪತ್ತಕ್ಕೆ ಮೇಲೆ ಬಂದೆ. ಬೆವರು, ಧೂಳು, ಕೈಯಲ್ಲಿ ರಕ್ತ. ಎದುರಿಗೆ ಬಿಳಿ ಸ್ನೀಕರ್ ಹಾಕಿದ ಜನ ಐಸ್‌ಕ್ರೀಂ ತಿಂತಿದ್ರು. ತ್ಸುಗ್‌ಷ್ಪಿಟ್ಸೆಗೆ ಮೊದಲು ಮೂರು ತುದಿ ಇತ್ತು. ನಡುವಿನದ್ದು 1930ರಲ್ಲಿ ಕೇಬಲ್ ಕಾರ್ ಸ್ಟೇಶನ್ನಿಗೆ ಹೋಯ್ತು, ಪಶ್ಚಿಮದ್ದನ್ನ 1938ರಲ್ಲಿ ಸೈನ್ಯದ ವಿಮಾನ ನಿಯಂತ್ರಣ ಕೇಂದ್ರಕ್ಕೆ ಅಂತ ಡೈನಮೈಟ್ ಇಟ್ಟು ಹಾರಿಸಿದ್ರು, ಕೇಂದ್ರ ಕಟ್ಟಲೇ ಇಲ್ಲ. ಉಳಿದಿದ್ದು ಪೂರ್ವದ ತುದಿ, ಅದರ ಮೇಲೆ ಚಿನ್ನದ ಬಣ್ಣದ ಶಿಲುಬೆ, ಮೊದಲ ಶಿಲುಬೆ ನಿಲ್ಲಿಸಿದ್ದು 1851ರಲ್ಲಿ. ಈಗ ಅಲ್ಲಿಗೆ ಸೆಲ್ಫಿಗೆ ಕ್ಯೂ, ತಿರುಪತಿ ಥರ. ನೌಸ್ ಇಲ್ಲಿಗೆ ಬಂದಾಗ ಐದೇ ನಿಮಿಷದಲ್ಲಿ ಗುಡುಗು, ಹಿಮ ಶುರುವಾಗಿ ಓಡಿಹೋಗಬೇಕಾಯ್ತು, ಬಂದಿದ್ದಕ್ಕೆ ಗುರುತಾಗಿ ಒಂದು ಕೋಲಿಗೆ ಕರವಸ್ತ್ರ ಕಟ್ಟಿ ನೆಟ್ಟು ಇಳಿದ. ನಾನು ಕ್ಯೂ ನೋಡಿ ಶಿಲುಬೆ ತನಕ ಹೋಗಲೇ ಇಲ್ಲ. ಅಂದ್ರೆ ಲೆಕ್ಕದ ಪ್ರಕಾರ ನಾನು ಶಿಖರ ಮುಟ್ಟಿಲ್ಲ, ಮೂವತ್ತು ಚಿಲ್ಲರೆ ಹೆಜ್ಜೆ ಬಾಕಿ ಇದೆ, ಇದನ್ನ ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಿಲ್ಲ.

ಅಪ್ಪ ಡೆಕ್‌ನ ಒಂದು ಮೂಲೆಯಲ್ಲಿ ಮಫ್ಲರ್ ಸುತ್ಕೊಂಡು ಬೆಂಚಿನ ಮೇಲೆ ಕೂತಿದ್ದ. 2017ರಲ್ಲಿ ಶುರುವಾದ ಹೊಸ ಕೇಬಲ್ ಕಾರ್, ಐಬ್‌ಸೇ ಕೆರೆಯಿಂದ ಇಲ್ಲಿಗೆ 1945 ಮೀಟರ್ ಎತ್ತರವನ್ನ ಹತ್ತು ನಿಮಿಷದಲ್ಲಿ ಏರತ್ತೆ. ದಾರಿಯಲ್ಲಿ ಒಂದೇ ಒಂದು ಕಂಬ, 127 ಮೀಟರ್ ಎತ್ತರದ್ದು, ಆಮೇಲೆ ಮೂರು ಕಿಲೋಮೀಟರ್ ಮೇಲೆ ಬರೀ ಹಗ್ಗ. "ಕಿವಿ ಎರಡು ಸಲ ಪಟ್ ಅಂತು, ಮೇಲೆ ಬಂದಾತು" ಅಂದ. ನನ್ನ ಮುಖ ನೋಡಿ ಹೇಗಾಯ್ತು ಅಂತ ಕೇಳಲಿಲ್ಲ, "ನೀರು ಕುಡಿ ಮೊದ್ಲು" ಅಂದ. ಆ ಮಾತು ಬೆಳಿಗ್ಗೆ ಆರಕ್ಕೆ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು.

ಹೆಂಡತಿ ಡಬ್ಬಿ ಬಿಚ್ಚಿದ್ಲು, ಚಿತ್ರಾನ್ನ, ಮಿಡಿ ಉಪ್ಪಿನಕಾಯಿ. ಮುಚ್ಚಳ ತೆಗೆದ ತಕ್ಷಣ ಹಳದಿ ಕೊಕ್ಕಿನ ಕಾಗೆಗಳು ಬಂದು ರೇಲಿಂಗ್ ಮೇಲೆ ಸಾಲಾಗಿ ಕೂತ್ವು. ಆಲ್ಪ್ಸ್‌ನ ಶಿಖರದಲ್ಲೆಲ್ಲ ಇವು ಇರ್ತವೆ, ಜನರ ತಿಂಡಿ ಮೇಲೆ ಕಣ್ಣು. ಅಪ್ಪ ನಾಲ್ಕು ಅಗುಳು ರೇಲಿಂಗ್ ಮೇಲಿಟ್ಟ, ಕೈ ತೆಗೆಯೋದ್ರೊಳಗೆ ಖಾಲಿ. "ಅಮ್ಮನ ತಿಥಿ ದಿನ ಗಂಟೆಗಟ್ಟಲೆ ಕರೆದ್ರೂ ಒಂದು ಬರ್ತಿಲ್ಲೆ. ಇಲ್ಲಿ ಕರೀದೇ ಬಂತು ನೋಡು" ಅಂದ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇನ್ನೊಂದಿಷ್ಟು ಅನ್ನ ಇಟ್ಟ.

ಊಟ ಆದ್ಮೇಲೆ ಎಲೆ ತೆಗೆದ. ಗಾಳಿಗೆ ಎಲೆ ಹಾರದ ಹಾಗೆ ಮಂಡಿ ಮೇಲೆ ಒತ್ತಿಹಿಡಿದು ಸುಣ್ಣ ಹಚ್ಚುತಾ, ಪಕ್ಕದ ಬಂಡೆಯನ್ನ ಬೆರಳ ಗೆಣ್ಣಲ್ಲಿ ಕುಟ್ಟಿ ನೋಡಿದ. ಪ್ಲಾಟ್‌ನ ಕಥೆ ಹೇಳಿದೆ, ಬಿರುಕಿನೊಳಗಿನ ಸದ್ದು, ಕೆಳಗೆ ಹೊರಬರೋ ನೀರು, ಎಲ್ಲ. ಅವನು ಅಡಿಕೆ ಅಗೀತಾ ಕೇಳಿದ. "ಬೆಳಿಗ್ಗೆ ಆ ಒರತೆ ನೋಡಿದ್ಯ?" ಅಂದ. ಇಲ್ಲ ಅಂದೆ. "ಅಯ್ಯೋ, ಅದನ್ನ ಬಿಟ್ಟು ಇಲ್ಲಿ ಎಂತ ನೋಡಲೆ ಬಂದೆ ಮತ್ತೆ?" ಹೆಂಡತಿ ನಕ್ಕು ನಕ್ಕು ಕೆಮ್ಮಿದ್ಲು.

ಇಳಿಯೋವಾಗ ರೈಲು. 1930ರಿಂದ ಓಡ್ತಿರೋ ಹಲ್ಲುಗಾಲಿ ರೈಲು, ನಾಲ್ಕು ಕಿಲೋಮೀಟರ್ ಮೇಲೆ ಸುರಂಗದಲ್ಲೇ ಇಳಿಯತ್ತೆ. ನಂಗೆ ಕೂತ ಕೂಡಲೇ ಕಣ್ಣು ಮುಚ್ಚಿತು. ಅಪ್ಪ ಭುಜ ಅಲುಗಾಡಿಸಿ ಎಬ್ಬಿಸಿದ. ಕಿಟಕಿ ಹೊರಗೆ ಸುರಂಗದ ಗೋಡೆ, ರೈಲಿನ ಬೆಳಕಿಗೆ ಥಳಥಳ ಹೊಳೀತಾ, ಅಲ್ಲಲ್ಲಿ ನೀರು ಗೆರೆ ಗೆರೆಯಾಗಿ ಇಳೀತಿತ್ತು. "ಇಲ್ಲಿದ್ದು ನಿನ್ನ ನೀರು" ಅಂದ.

ಕೊರಕಲಿನ ಮೇಲೆ ನದಿ ಪಾತ್ರದಲ್ಲಿ ಹೆಕ್ಕಿದ ಒಂದು ಗುಂಡು ಕಲ್ಲು ನನ್ನ ಬ್ಯಾಗಿನ ಸೈಡ್ ಜೇಬಲ್ಲಿತ್ತು, ಕೋಳಿಮೊಟ್ಟೆಗಿಂತ ಚಿಕ್ಕದು. ಭಾನುವಾರ ಬೆಳಿಗ್ಗೆ ನೋಡಿದ್ರೆ ಅಪ್ಪ ಅದನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು, ಚಾಕು ತುದಿಯಲ್ಲಿ ಕೆರೆದು ಪುಡಿ ಮಾಡಿ, ಅದರ ಮೇಲೆ ಅರ್ಧ ಲಿಂಬೆಹಣ್ಣು ಹಿಂಡ್ತಿದ್ದ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ, ಒಂದು, ಎರಡು, ಪುಡಿ ಸುತ್ತ ಪೂರ್ತಿ. ಕಿವಿ ಹತ್ರ ತಂದು ಕೇಳಿಸ್ಕೊಂಡ. ನಂಗೂ ಕೇಳಿಸಿದ.

"ಯಾಣದ ಕಲ್ಲು ಕಪ್ಪಲ. ಅದೂ ಸುಣ್ಣದ ಕಲ್ಲೇ ಹೇಳಿ ನೀ ಹೇಳ್ತೆ. ಮುಂದಿನ ಸಲ ಊರಿಗೆ ಬಂದಾಗ ಒಂದು ಲಿಂಬೆಹಣ್ಣು ತಗಂಡು ಹೋಗಿ ನೋಡನ."

ಭೈರವೇಶ್ವರನ ಬಂಡೆಗೆ ಚಾಕು ಹಾಕಿದ್ರೆ ಭಟ್ರು ಓಡಿಸ್ಕೊಂಡು ಬರ್ತಾರೆ ಅಂದೆ.

"ಚಾಕು ಎಂತಕ್ಕೆ, ಅಭಿಷೇಕ ಹೇಳಿದ್ರಾತು" ಅಂದ ಅಪ್ಪ, ಲಿಂಬೆಯ ಇನ್ನರ್ಧ ಹೋಳನ್ನ ಕೆಟಲ್ ಒಳಗೆ ಹಿಂಡ್ತಾ.